ಅಪ್‌ಡೇಟ್: ಕೋಳಿಗಳಿಗೆ ಪ್ರೋಬಯಾಟಿಕ್ ಪುಡಿ ಬಳಸಿ ನೋಡಿದ ಮೇಲೆ

ಮೊಟ್ಟೆ ಕೋಳಿಗಳಿಗೂ ಮರಿಗಳಿಗೂ ಪ್ರೋಬಯಾಟಿಕ್ ಪುಡಿಯನ್ನು (ಕರುಳಿಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾಗಳಿರುವ ಪುಡಿ) ಹಣ ಕೊಟ್ಟು ಕೊಳ್ಳುವುದು ಸಾರ್ಥಕವೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಆರೋಗ್ಯವಾಗಿದ್ದ ದೊಡ್ಡ ಕೋಳಿಗಳಲ್ಲಿ ಮೊಟ್ಟೆಯ ಸಂಖ್ಯೆಯಾಗಲಿ ಹಿಕ್ಕೆಯ ಸ್ಥಿತಿಯಾಗಲಿ ಬದಲಾಗಲಿಲ್ಲವಾದ್ದರಿಂದ ಅವುಗಳಿಗೆ ಕೊಡುವುದನ್ನು ನಿಲ್ಲಿಸಿದ್ದೇನೆ. ಮರಿಗಳ ವಿಷಯ ಬೇರೆ. ಇನ್‌ಕ್ಯುಬೇಟರಿನಲ್ಲಿ ಹುಟ್ಟಿದ ಮರಿಗೆ ತಾಯಿಕೋಳಿಯಿಂದ ದೊರೆಯಬೇಕಾದ ಕರುಳಿನ ಸೂಕ್ಷ್ಮಜೀವಿಗಳು ದೊರೆಯುವುದಿಲ್ಲ; ಆರೋಗ್ಯವಂತ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಮರಿಗಳಿಗೆ ನೀಡಿದರೆ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರುವುದು ಕಡಿಮೆಯಾಗುತ್ತದೆ ಎಂಬುದನ್ನು ಫಿನ್ಲೆಂಡಿನ ಸಂಶೋಧಕರಾದ ನುರ್ಮಿ ಮತ್ತು ರಾಂಟಾಲಾ 1973ರಲ್ಲೇ ತೋರಿಸಿದ್ದರು. ಅಂಗಡಿಯ ಪುಡಿಯಲ್ಲಿ ಅಷ್ಟು ವೈವಿಧ್ಯವಿರುವುದಿಲ್ಲ, ನಿಜ. ಆದರೂ ಮೊದಲ ವಾರದಲ್ಲಿ ಮತ್ತು ಆಂಟಿಬಯಾಟಿಕ್ ಚಿಕಿತ್ಸೆ ಮುಗಿದ ನಂತರ ಕೊಡುವುದನ್ನು ಮುಂದುವರಿಸಿದ್ದೇನೆ.

ನನ್ನಿಂದಾದ ದೊಡ್ಡ ತಪ್ಪನ್ನೂ ಹೇಳಬೇಕು. ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇದ್ದ ಪುಡಿಯನ್ನು ಆರಂಭದಲ್ಲಿ ಕ್ಲೋರಿನ್ ಬೆರೆತ ನೀರಿಗೇ ಹಾಕುತ್ತಿದ್ದೆ. ಬದುಕಿರಬೇಕಾದ ಜೀವಿಗಳನ್ನು ಕ್ಲೋರಿನ್ ಕೊಲ್ಲುತ್ತದೆ ಎಂಬುದು ಹೊಳೆದಿರಲೇ ಇಲ್ಲ. ಈಗ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುವ (ಗಟ್ಟಿ ಕವಚದ ಸುಪ್ತ ರೂಪ) ಪುಡಿಯನ್ನು ಆಹಾರದಲ್ಲಿ ಬೆರೆಸುತ್ತೇನೆ, ಏಕೆಂದರೆ ಬೀಜಾಣುಗಳು ಶಾಖವನ್ನೂ ದೀರ್ಘ ಸಂಗ್ರಹವನ್ನೂ ಹೆಚ್ಚು ತಾಳುತ್ತವೆ. ಕೊಳ್ಳುವಾಗ ಚೀಟಿಯ ಮೇಲೆ ಜೀವಿಯ ಹೆಸರು, ಪ್ರತಿ ಗ್ರಾಮಿಗೆ ಎಷ್ಟು ಸಿಎಫ್‌ಯು (ಬೆಳೆಯಬಲ್ಲ ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆ), ಬಳಕೆಯ ಅವಧಿ ಮೂರೂ ಇಲ್ಲದಿದ್ದರೆ ಆ ಪೊಟ್ಟಣವನ್ನು ಮುಟ್ಟುವುದಿಲ್ಲ. ರಕ್ತಭೇದಿ ಕಂಡ ಮರಿಗಳಿಗೆ ಮಾತ್ರ ಇದನ್ನು ನೆಚ್ಚಿಕೊಳ್ಳದೆ ಪಶುವೈದ್ಯರನ್ನೇ ಕರೆಸಿದೆ.