ನಮ್ಮ ಪುಟ್ಟ ಅಂಗಡಿ ಸುದ್ದಿ ಪೇಪರ್‌ನಲ್ಲಿ ಬರಬೇಕಂದ್ರೆ ಏನು ಮಾಡಬೇಕು? ತುಮಕೂರಿನವರು ಹೇಳಿ

ಕೇಳಿದವರು, ಕ್ಯಾತ್ಸಂದ್ರ:
ನಾವು ಏಳು ಜನ ಹೆಣ್ಣುಮಕ್ಕಳು ಸೇರಿ ಹುಚ್ಚೆಳ್ಳು ಚಟ್ನಿಪುಡಿ, ರಾಗಿ ಹುರಿಹಿಟ್ಟು ಮಾಡಿ ಮಾರುತ್ತಿದ್ದೇವೆ. ಗೊತ್ತಿರುವವರೇ ತಗೊಳ್ಳುತ್ತಾರೆ, ಹೊಸಬರು ಬರುತ್ತಿಲ್ಲ. ಮುಂದಿನ ತಿಂಗಳು ರಸ್ತೆ ಬದಿಯಲ್ಲೇ ಒಂದು ಮಳಿಗೆ ಹಿಡಿಯುತ್ತಿದ್ದೇವೆ. ಪ್ರೆಸ್‌ಮೀಟ್ ಮಾಡಿ ಅಂತ ಒಬ್ಬರು, ಯೂಟ್ಯೂಬ್‌ನವರನ್ನು ಕರೆಸಿ ಅಂತ ಇನ್ನೊಬ್ಬರು. ದುಡ್ಡು ಕೊಟ್ಟರೆ ಸುದ್ದಿ ಹಾಕಿಸ್ತೀವಿ ಅಂತಲೂ ಫೋನ್ ಬಂದಿತ್ತು. ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಮೊದಲು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕೆಲಸ ಮಾಡಿದವರು:
ಅಕ್ಕ, ಪ್ರೆಸ್‌ಮೀಟ್ ಬೇಡವೇ ಬೇಡ. ಹಾಲ್ ಬಾಡಿಗೆ, ತಿಂಡಿ, ಕಾಫಿ ಎಲ್ಲ ನಿಮ್ಮ ತಲೆ ಮೇಲೆ. ಅವತ್ತೇ ಯಾರಾದರೂ ಮಂತ್ರಿ ಊರಿಗೆ ಬಂದರೆ ನಿಮ್ಮ ಕುರ್ಚಿಗಳು ಖಾಲಿ. ಅಂಗಡಿ ಓಪನ್ ಆಗುವುದು ನಿಮಗೆ ದೊಡ್ಡ ವಿಷಯ. ಡೆಸ್ಕ್‌ನಲ್ಲಿ ಕೂತವರು ಮಾತ್ರ ಅದನ್ನು ನೋಡಿದ ತಕ್ಷಣ ಜಾಹೀರಾತು ವಿಭಾಗದ ನಂಬರ್ ಕೊಡುತ್ತಾರೆ.

ಸುದ್ದಿ ಹೇಗೆ ಆಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ಒಂದು ಹಲಸಿನ ಮರ, ತೊಳೆ ತಾಮ್ರದ ಹಾಗೆ ಕೆಂಪು. ಹಿರೇಹಳ್ಳಿ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿ, ಮರದ ಮಾಲೀಕ ರೈತರ ತಂದೆಯ ಹೆಸರಿನಿಂದ ‘ಸಿದ್ದು’ ಅಂತ ಕರೆದರು. 2017ರಲ್ಲಿ ಸಸಿ ಮಾರಾಟಕ್ಕೆ ಒಪ್ಪಂದವೂ ಆಯಿತು. ಆಮೇಲೆ ಪತ್ರಿಕೆಯವರೇ ಚೇಳೂರು ಹುಡುಕಿಕೊಂಡು ಬಂದರು. ಓದುಗರು ಮರದ ಕಥೆ ಓದಿದರು. ಸಸಿ ಎಲ್ಲಿ ಸಿಗುತ್ತದೆ ಅನ್ನುವುದು ಅದರ ಜೊತೆಗೇ ತಲುಪಿತು.

ನಿಮ್ಮಲ್ಲೂ ಅಂಥದ್ದು ಇದೆ. ಈಗ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿ ನಡುವೆ ಬೇರೆ ಬೆಳೆ ಬಿತ್ತುವ ಸಾಲಿನಲ್ಲಿ, ಹುಚ್ಚೆಳ್ಳು ಹಾಕುವವರೇ ಕಡಿಮೆ. ನೀವು ಎಲ್ಲಿಂದ ತರುತ್ತೀರಿ? ರೈತರ ಹತ್ತಿರ ನೇರ ಕೊಳ್ಳುತ್ತಿದ್ದರೆ ಕೃಷಿ ಪುರವಣಿಗೆ ಅದೇ ಸುದ್ದಿ. ಮಹಿಳಾ ದಿನದ ಪುಟಕ್ಕೂ ನಿಮ್ಮಂಥವರನ್ನೇ ಹುಡುಕುತ್ತಿರುತ್ತಾರೆ. ಆದರೆ ಮಾರ್ಚ್ 7ರ ಸಂಜೆ ಫೋನ್ ಮಾಡಿದರೆ ಪುಟ ಮುಗಿದಿರುತ್ತದೆ, ಫೆಬ್ರವರಿ ಕೊನೆಯಲ್ಲೇ ಮಾತಾಡಿ. ಶಿವರಾತ್ರಿ ಸಮಯಕ್ಕೆ ಸಿದ್ಧಗಂಗಾ ಜಾತ್ರೆಯ ವಸ್ತುಪ್ರದರ್ಶನವಂತೂ ನಿಮ್ಮ ಮನೆ ಬಾಗಿಲಲ್ಲೇ. ಮಳಿಗೆ ಸಿಕ್ಕರೆ ಬಿಡಬೇಡಿ, ವರದಿಗಾರರು ಅಲ್ಲಿ ಹೇಗೂ ಓಡಾಡುತ್ತಿರುತ್ತಾರೆ.

ಕಳಿಸುವುದು ಹೇಗೆ ಅಂದರೆ, ಲೆಟರ್‌ಹೆಡ್‌ನಲ್ಲಿ ಬರೆದು ಅದರ ಫೋಟೊ ವಾಟ್ಸ್ಯಾಪ್ ಮಾಡಬೇಡಿ. ಅದನ್ನು ಮತ್ತೆ ಟೈಪ್ ಮಾಡುವ ಪುರುಸೊತ್ತು ಯಾರಿಗೂ ಇಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೇ ಫಾಂಟ್‌ನಲ್ಲಿ ಮಾಡಿಸಿದ್ದು ಫೋನ್‌ನಲ್ಲಿ ತೆಗೆದರೆ ಒಂದಕ್ಷರವೂ ಓದಲು ಬರುವುದಿಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಫೋನ್‌ನ ಕನ್ನಡ ಕೀಬೋರ್ಡ್‌ನಲ್ಲಿ, ಮೆಸೇಜ್‌ನಲ್ಲೇ ಟೈಪ್ ಮಾಡಿ, ನೂರೈವತ್ತು ಪದ ಸಾಕು. ಫೋಟೊ ಮಾತ್ರ ‘ಡಾಕ್ಯುಮೆಂಟ್’ ಅಂತ ಒತ್ತಿ ಕಳಿಸಿ. ಸುಮ್ನೆ ಕಳಿಸಿದರೆ ವಾಟ್ಸ್ಯಾಪ್ ಅದನ್ನು ಕುಗ್ಗಿಸಿಬಿಡುತ್ತದೆ, ಅಚ್ಚಿಗೆ ಹಾಕಿದರೆ ಮಸುಕು. ಹಾರ, ಶಾಲು, ರಿಬ್ಬನ್ ಕತ್ತರಿಸುವ ಫೋಟೊ ಬೇಡ. ಬಾಣಲೆ ಮುಂದೆ ಹುಚ್ಚೆಳ್ಳು ಹುರಿಯುತ್ತಿರುವುದನ್ನು ತೆಗೆಯಿರಿ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಂದು ಫೋನ್ ಮಾಡಿ. ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ಮಾಡಿದರೆ ಬೈಸಿಕೊಳ್ಳುತ್ತೀರಿ.

ರಾಜ್ಯ ಪತ್ರಿಕೆಯಲ್ಲೇ ಬರಬೇಕು ಅಂತ ಹಟ ಬೇಡ. ಪ್ರಜಾಪ್ರಗತಿಯಂಥ ತುಮಕೂರಿನದೇ ಪತ್ರಿಕೆ ಓದುವವರು ನಿಮ್ಮ ಅಂಗಡಿಗೆ ನಡೆದುಕೊಂಡು ಬರಬಹುದಾದ ಜನ.

ಗಾಣದ ಎಣ್ಣೆಯವರು, ತಿಪಟೂರು:
ದುಡ್ಡಿನ ವಿಷಯ ನಾನು ಹೇಳ್ತೀನಿ. ನಮ್ಮ ಗಾಣಕ್ಕೂ ಒಬ್ಬರು ಮೈಕ್ ಹಿಡಿದು ಬಂದಿದ್ದರು. ಶೂಟಿಂಗ್ ಎಲ್ಲ ಮುಗಿದ ಮೇಲೆ ‘ಏನಾದರೂ ಸಪೋರ್ಟ್ ಮಾಡಿ ಸರ್’ ಅಂದರು. ಕೊಡಲಿಲ್ಲ, ವಿಡಿಯೊನೂ ಬರಲಿಲ್ಲ. ನಷ್ಟ ಏನಿಲ್ಲ. ಜಾಹೀರಾತು ಬೇಕಾದರೆ ಜಾಹೀರಾತು ಅಂತಲೇ ಕೊಡಿ, ರೇಟ್ ಕೇಳಿ, ಬಿಲ್ ತಗೊಳ್ಳಿ. ದುಡ್ಡು ಕೊಟ್ಟು ಸುದ್ದಿ ಥರ ಹಾಕಿಸಿದರೆ ಓದುವವರಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೀರಾ? ಮೊದಲ ಸಾಲಿಗೇ ಗೊತ್ತಾಗುತ್ತದೆ.

ರೀಲ್ಸ್ ಮಾಡುವ ಹುಡುಗರು ಪರವಾಗಿಲ್ಲ, ಕೆಲವರು ಚೆನ್ನಾಗಿ ಮಾಡುತ್ತಾರೆ. ಆದರೆ ದುಡ್ಡೋ ಪುಕ್ಕಟೆ ಮಾಲೋ ತಗೊಂಡಿದ್ದರೆ ಅದನ್ನು ವಿಡಿಯೊದಲ್ಲಿ ಹೇಳಬೇಕು ಅಂತ ನಿಯಮ ಇದೆ. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಹಾಕಬಹುದು. ಮಾಡಿಸಿದವರಿಗೂ, ಹೊಗಳಿದವರಿಗೂ.

ಮೆಡಿಕಲ್ ಸ್ಟೋರ್‌ನವರು, ಕುಣಿಗಲ್:
ಒಂದೇ ಮಾತು ಮೇಡಂ. ಹುರಿಹಿಟ್ಟು ತಿಂದರೆ ಶುಗರ್ ವಾಸಿ ಆಗುತ್ತದೆ ಅಂತ ಪ್ಯಾಕೆಟ್ ಮೇಲಾಗಲಿ ಪೇಪರ್‌ನಲ್ಲಾಗಲಿ ಬರೆಸಬೇಡಿ. ಶುಗರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ವರದಿಗಾರರೇ ಉತ್ಸಾಹದಲ್ಲಿ ಬರೆದುಬಿಡುವುದೂ ಉಂಟು, ಮೊದಲೇ ಹೇಳಿಬಿಡಿ.

ಬೇಕರಿಯವರು, ಶಿರಾ ಗೇಟ್:
ಪೇಪರ್ ಸುದ್ದಿ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ನಮ್ಮ ಬಗ್ಗೆ ಬಂದಾಗ ಫೋನ್ ಜಾಸ್ತಿ ಬಂತು, ಗಿರಾಕಿ ಬರಲಿಲ್ಲ. ಎಲ್ಲೆಲ್ಲಿಂದಲೋ ಫೋನ್ ಮಾಡಿ ‘ಕೊರಿಯರ್ ಮಾಡ್ತೀರಾ’ ಅಂತ ಕೇಳೋರು, ಬ್ರೆಡ್ಡನ್ನು ಏನಂತ ಕೊರಿಯರ್ ಮಾಡಲಿ? ನಿಮ್ಮದು ಪುಡಿ, ಬೇಗ ಕೆಡಲ್ಲ, ಹಾಗಾಗಿ ನಿಮಗೆ ಲಾಭ ಆಗಬಹುದು. ಕೊರಿಯರ್ ರೇಟ್ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಫೋನ್ ಎತ್ತುವವರ ನಂಬರನ್ನೇ ಕೊಡಿ.

ಸುತ್ತಮುತ್ತಲಿನವರು ಬೇಕು ಅಂದರೆ ಕರಪತ್ರವೇ ಮೇಲು. ಏಜೆಂಟ್ ಹತ್ತಿರ ಮಾತಾಡಿದರೆ ಬೆಳಗಿನ ಜಾವ ಪೇಪರ್ ಒಳಗೆ ಸೇರಿಸಿ ಹಾಕುತ್ತಾರೆ. ರೇಡಿಯೊ ಸಿದ್ಧಾರ್ಥದವರನ್ನೂ ಕೇಳಿ ನೋಡಿ, ತುಮಕೂರಿನದೇ ಸಮುದಾಯ ರೇಡಿಯೊ, ಎಫ್‌ಎಂ 90.8. ಸಮುದಾಯ ರೇಡಿಯೊಗಳಿಗೆ 2024ರಿಂದ ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ಅವಕಾಶ ಇದೆ, ಮೊದಲು 7 ಇತ್ತು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರು ಕನ್ನಡದಲ್ಲೂ ಹಾಕಿ, ಪುಕ್ಕಟೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಬರೆದಿದ್ದೇನೆ, ಸರಿಯಿದೆಯಾ ನೋಡಿ: ‘ಗುಣಮಟ್ಟಕ್ಕೆ ಹೆಸರಾದ ನಮ್ಮ ಸಂಸ್ಥೆಯು ಸಾರ್ವಜನಿಕರ ಅನುಕೂಲಕ್ಕಾಗಿ ನೂತನ ಮಳಿಗೆ ಆರಂಭಿಸುತ್ತಿದ್ದು, ಎಲ್ಲರೂ ಆಗಮಿಸಿ ಪ್ರೋತ್ಸಾಹಿಸಬೇಕಾಗಿ ಕೋರಿದೆ.’ ಹುಚ್ಚೆಳ್ಳು ಮಧುಗಿರಿ ಕಡೆಯ ರೈತರಿಂದಲೇ ತರುತ್ತೇವೆ. ನಮ್ಮಲ್ಲಿ ನಾಲ್ವರು ಮೊದಲು ಬೀಡಿ ಕಟ್ಟುತ್ತಿದ್ದರು, ಅದನ್ನೆಲ್ಲ ಬರೆಯಬೇಕಾ?

ಮೊದಲು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕೆಲಸ ಮಾಡಿದವರು:
ಅದನ್ನೇ ಮೊದಲು ಬರೆಯಬೇಕು ಅಕ್ಕ! ನಿಮ್ಮ ಸಾಲಿನಲ್ಲಿ ಊರಿಲ್ಲ, ಜನರಿಲ್ಲ, ಏನು ಮಾರುತ್ತೀರಿ ಅಂತಲೂ ಇಲ್ಲ. ಹೀಗೆ ಮಾಡಿ: ‘ಬೀಡಿ ಕಟ್ಟುತ್ತಿದ್ದ ಕ್ಯಾತ್ಸಂದ್ರದ ನಾಲ್ವರು ಮಹಿಳೆಯರು ಈಗ ಗೆಳತಿಯರ ಜೊತೆ ಸೇರಿ ಹುಚ್ಚೆಳ್ಳು ಚಟ್ನಿಪುಡಿ ಮಾಡುತ್ತಿದ್ದಾರೆ. ಹುಚ್ಚೆಳ್ಳನ್ನು ಮಧುಗಿರಿ ಭಾಗದ ರೈತರಿಂದ ನೇರವಾಗಿ ಕೊಳ್ಳುತ್ತಾರೆ.’ ಆಮೇಲೆ ಒಬ್ಬರ ಮಾತು, ಅವರು ಆಡಿದ ಹಾಗೇ. ಮಳಿಗೆ, ವಿಳಾಸ, ನಂಬರ್ ಕೊನೆಗೆ. ಆದರೆ ಕಳಿಸುವ ಮೊದಲು ಆ ನಾಲ್ವರನ್ನು ಕೇಳಿ. ಹಳೇ ಕೆಲಸ ಪೇಪರ್‌ನಲ್ಲಿ ಬರುವುದು ಎಲ್ಲರಿಗೂ ಇಷ್ಟ ಇರುವುದಿಲ್ಲ.

ಕೇಳಿದವರು:
ಕೇಳಿದೆ. ಮೂವರು ಒಪ್ಪಿದರು, ಒಬ್ಬರು ಬೇಡ ಅಂದರು.

ಮೊದಲು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕೆಲಸ ಮಾಡಿದವರು:
ಹಾಗಾದರೆ ಮೂವರು ಅಂತಲೇ ಬರೆಯಿರಿ, ಫೋಟೊದಲ್ಲೂ ಮೂವರೇ ಇರಲಿ. ಯಾರು ಎಡಕ್ಕೆ, ಯಾರು ಬಲಕ್ಕೆ ಅಂತ ಹೆಸರು ಕೆಳಗೆ ಟೈಪ್ ಮಾಡಿ. ಇನಿಷಿಯಲ್ ಮರೀಬೇಡಿ.