ಮೀನು ಮಾರ್ಕೆಟ್‌ನಲ್ಲಿ ಆಡಿದ ಮಾತು: ಮಾನನಷ್ಟದ ಕೇಸ್ ಆಗುತ್ತಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಮ್ಮಮ್ಮ ಕಾರವಾರದಲ್ಲಿ ಮೀನು ಮಾರುತ್ತಾರೆ. ಹೋದ ಭಾನುವಾರ ಬಂಗಡೆ ತೂಗುತ್ತಿದ್ದಾಗ ಪಕ್ಕದಲ್ಲಿ ಕೂರುವವರು ಗಿರಾಕಿಗಳ ಎದುರೇ ಕೊಂಕಣಿಯಲ್ಲಿ ಕೂಗಿದರು: ಇವಳ ಮೀನಿಗೆ ಔಷಧಿ ಹಾಕಿದೆ, ತಕ್ಕಡಿಯೂ ಮೋಸ ಅಂತ. ಇಬ್ಬರು ಚೀಲ ಮಡಚಿಕೊಂಡು ಹೊರಟೇಹೋದರು. ಬರೀ ಬಾಯಿಮಾತು, ಕೇಸ್ ನಿಲ್ಲುತ್ತಾ?

ಉತ್ತರ: ನಿಲ್ಲುತ್ತದೆ ತಮ್ಮಾ. ಬರೆದರೂ ಒಂದೇ, ಬಾಯಲ್ಲಿ ಆಡಿದರೂ ಒಂದೇ. ಮೊದಲು ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 499, 500 ಇತ್ತು. 2024ರ ಜುಲೈ 1ರಿಂದ ಆದ ಘಟನೆಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ.

ಕೋರ್ಟ್ ನೋಡುವುದು ಇಷ್ಟು. ಮಾತು ನಿಮ್ಮ ತಾಯಿಯ ಬಗ್ಗೆಯೇ ಅಂತ ಗೊತ್ತಾಗಬೇಕು. ಬೇರೆಯವರು ಕೇಳಿರಬೇಕು. ಹೆಸರು ಕೆಡಲಿ ಅಂತಲೋ, ಕೆಡುತ್ತದೆ ಅಂತ ಗೊತ್ತಿದ್ದೋ ಹೇಳಿರಬೇಕು. ಆ ಮಾತಿನಿಂದ ಕೇಳಿದವರ ಕಣ್ಣಲ್ಲಿ ಅವರ ಗುಣಕ್ಕೋ ಕಸುಬಿಗೋ ಕುಂದು ಬರುವಂತಿರಬೇಕು. ‘ನನ್ನ ಮೀನು ಅವಳದಕ್ಕಿಂತ ತಾಜಾ’ ಅಂದಿದ್ದರೆ ಅದು ವ್ಯಾಪಾರದ ಮಾತು, ಬಿಟ್ಟುಬಿಡಿ ಅನ್ನುತ್ತಿದ್ದೆ. ತಕ್ಕಡಿ ಮೋಸ ಅನ್ನುವುದು ಹಾಗಲ್ಲ. ದಿನದ ಅನ್ನ ಕೊಡುವ ಕಸುಬಿಗೇ ಹೊಡೆತ ಅದು.

ಮಾತನ್ನು ಕೊಂಕಣಿಯಲ್ಲೇ, ಆಡಿದ ಹಾಗೇ ಬರೆದಿಡಿ, ಕೆಳಗೆ ಕನ್ನಡ ಅರ್ಥ. ‘ಕೆಟ್ಟದಾಗಿ ಬೈದರು’ ಅಂತಷ್ಟೇ ಬರೆದ ದೂರಿಗೆ ಬಲ ಇರುವುದಿಲ್ಲ. ಆ ಇಬ್ಬರು ಗಿರಾಕಿಗಳನ್ನು ಹುಡುಕಿ, ಅವರೇ ನಿಮ್ಮ ಸಾಕ್ಷಿ.

ಪೊಲೀಸರು ಇದರಲ್ಲಿ ತಾವಾಗಿಯೇ ತನಿಖೆ ಮಾಡುವಂತಿಲ್ಲ. ತಾಯಿಯವರೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಕೊಡಬೇಕು. 3 ವರ್ಷದೊಳಗೆ ಕೊಡಬಹುದು, ಆದರೆ ಸಾಕ್ಷಿಗಳಿಗೆ ನೆನಪಿರುವಾಗಲೇ ಕೊಡಿ.

ಪ್ರಶ್ನೆ (ಇನ್ನೊಬ್ಬರು, ಶಿರಸಿ): ಸರ್, ಹೇಳಿದ್ದು ನಿಜವೇ ಆಗಿದ್ದರೆ?

ಉತ್ತರ: ನಿಜ ಅಂದಮಾತ್ರಕ್ಕೆ ಆಗಲಿಲ್ಲ, ಹೇಳಿದ್ದರಲ್ಲಿ ಜನರ ಹಿತವೂ ಇರಬೇಕು. ಮೀನಿಗೆ ಔಷಧಿ ಹಾಕುವುದು ಜನರ ಆರೋಗ್ಯದ ವಿಷಯ, ಹಾಗಾಗಿ ಅವರು ಅದನ್ನು ಕೋರ್ಟಿನಲ್ಲಿ ತೋರಿಸಿಕೊಟ್ಟರೆ ತಪ್ಪಿಸಿಕೊಳ್ಳಬಹುದು. ಅನುಮಾನವಿದ್ದು ಒಳ್ಳೆ ಮನಸ್ಸಿನಿಂದ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಟ್ಟಿದ್ದರೂ ಕಾನೂನು ಕಾಪಾಡುತ್ತದೆ. ಗಿರಾಕಿಗಳ ಮುಂದೆ ಸುಮ್ನೆ ಕೂಗಿದ್ದಕ್ಕೆ ಆ ರಕ್ಷಣೆ ಇಲ್ಲ.

ಪ್ರಶ್ನೆ: ಯಾರೂ ಇಲ್ಲದಾಗ ಮುಖದ ಮೇಲೆ ಬೈದರೆ?

ಉತ್ತರ: ಮಾನನಷ್ಟ ಆಗುವುದಿಲ್ಲ, ಮೂರನೆಯವರು ಕೇಳಿಲ್ಲವಲ್ಲ. ಕೆಣಕಿ ಜಗಳಕ್ಕೆ ಎಳೆಯುವ ಬೈಗುಳವಾದರೆ ನ್ಯಾಯ ಸಂಹಿತೆಯದೇ 352ನೇ ಕಲಂ ನೋಡಬಹುದು.

ಮೊದಲು ಕೇಳಿದವರು: ಧನ್ಯವಾದ ಸರ್. ಒಬ್ಬ ಗಿರಾಕಿ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಅಮ್ಮನಿಗೆ ಮಾತ್ರ ಕೂಗಿದವರನ್ನು ಜೈಲಿಗೆ ಕಳಿಸುವ ಮನಸ್ಸಿಲ್ಲ.

ಉತ್ತರ: 2 ವರ್ಷದವರೆಗೆ ಸಾದಾ ಜೈಲು, ದಂಡ, ಇಲ್ಲವೇ ಸಮುದಾಯ ಸೇವೆ ಅಂತಲೂ ಈಗ ಇದೆ. ರಾಜಿಗೂ ಅವಕಾಶ ಉಂಟು. ಮೊದಲು ನೋಟಿಸ್ ಕಳಿಸೋಣ. ಕೂಗಿದ ಜಾಗದಲ್ಲೇ, ಅದೇ ಜನರ ಮುಂದೆ ತಪ್ಪಾಯ್ತು ಅನ್ನಲಿ ಅಂತ ಕೇಳೋಣ. ಅಮ್ಮನನ್ನು ಕರೆದುಕೊಂಡು ಬನ್ನಿ, ಆ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು.