ಅರೇಯಲ್ಲಿ ಏನಿದೆ ಎಂಬುದನ್ನು ಬ್ರೌಸರ್‌ನಲ್ಲಿ ಓದಲು ಬರುವಂತೆ ತೋರಿಸುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡೇಟಾಬೇಸ್‌ನಿಂದ ತಂದು ಜೋಡಿಸಿದ ಒಂದು ಅರೇಯನ್ನು (ಹಲವು ಬೆಲೆಗಳನ್ನು, ಅಂದರೆ ವ್ಯಾಲ್ಯೂಗಳನ್ನು, ಕೀ ಎಂಬ ಹೆಸರುಗಳಡಿ ಇಡುವ ಪಟ್ಟಿ) ಪರಿಶೀಲಿಸಲು, ಸರ್ವರ್‌ನಲ್ಲಿ ಓಡುವ ಭಾಷೆಯಾದ ಪಿಎಚ್‌ಪಿಯ ಪ್ರಿಂಟ್_ಆರ್ ಫಂಕ್ಷನ್ ಬಳಸುತ್ತಿದ್ದೇನೆ. ಅರೇಯೊಳಗೆ ಅರೇ, ಅದರೊಳಗೆ ಮತ್ತೊಂದು ಇರುವುದರಿಂದ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ಯಾವ ಕೀ ಯಾವ ಹಂತದ್ದೆಂದು ತಿಳಿಯುವುದಿಲ್ಲ. ‘ಸಕ್ರಿಯ’ ಎಂಬ ಕೀಯ ಮುಂದಂತೂ ಏನೂ ಕಾಣುವುದಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ 1:
ಪ್ರಿಂಟ್_ಆರ್ ಹೊಸ ಸಾಲುಗಳನ್ನೂ ಸಾಲಿನ ಮೊದಲಿನ ಖಾಲಿ ಜಾಗಗಳನ್ನೂ ಸರಿಯಾಗಿಯೇ ಕಳುಹಿಸುತ್ತದೆ. ಆದರೆ ಎಚ್‌ಟಿಎಂಎಲ್‌ನಲ್ಲಿ ಸಾಮಾನ್ಯ ಪಠ್ಯದ ನಡುವೆ ಎಷ್ಟೇ ಸಾಲು, ಎಷ್ಟೇ ಜಾಗ ಬಿಟ್ಟರೂ ಬ್ರೌಸರ್ ಅವನ್ನು ಒಂದೇ ಜಾಗವಾಗಿ ಕುಗ್ಗಿಸುವುದರಿಂದ ನಿಮಗೆ ಹಾಗೆ ಕಾಣುತ್ತಿದೆ. ಪುಟದ ಮೂಲವನ್ನು ತೆರೆದರೆ ಅದೇ ಅರೇ ಹಂತಹಂತವಾಗಿ ಜೋಡಿಸಿಕೊಂಡು ನಿಂತಿರುತ್ತದೆ. ಔಟ್‌ಪುಟ್ಟನ್ನು ‘ಪ್ರಿ’ ಟ್ಯಾಗ್‌ನೊಳಗೆ ಇಟ್ಟರೆ ಪುಟದಲ್ಲಿಯೂ ಹಾಗೆಯೇ ಕಾಣುತ್ತದೆ. ಅರೇಯ ಬೆಲೆಗಳಲ್ಲಿ ಎಚ್‌ಟಿಎಂಎಲ್ ಇದ್ದರೆ ಬ್ರೌಸರ್ ಅದನ್ನು ಟ್ಯಾಗ್ ಎಂದೇ ತಿಳಿದು ಪುಟವನ್ನು ಕೆಡಿಸುತ್ತದೆ. ಆದ್ದರಿಂದ ಪ್ರಿಂಟ್_ಆರ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ‘ಟ್ರೂ’ ಕೊಟ್ಟು ಔಟ್‌ಪುಟ್ಟನ್ನು ಸ್ಟ್ರಿಂಗ್ ಆಗಿ ಪಡೆದು, ಟ್ಯಾಗ್ ಚಿಹ್ನೆಗಳನ್ನು ಬರಿಯ ಅಕ್ಷರಗಳಾಗಿ ತೋರುವಂತೆ ಮಾಡುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್ ಮೂಲಕ ಹಾಯಿಸಿದ ಮೇಲೆಯೇ ಮುದ್ರಿಸಿ.

ಉತ್ತರ 2:
‘ಸಕ್ರಿಯ’ದ ವಿಷಯ ಬೇರೆ. ಫಾಲ್ಸ್ (ಸುಳ್ಳು), ನಲ್ (ಬೆಲೆಯೇ ಇಲ್ಲ), ಖಾಲಿ ಸ್ಟ್ರಿಂಗ್ (ಅಕ್ಷರಗಳಿಲ್ಲದ ಪಠ್ಯ) ಈ ಮೂರನ್ನೂ ಪ್ರಿಂಟ್_ಆರ್ ಖಾಲಿಯಾಗಿಯೇ ತೋರಿಸುತ್ತದೆ. ಟ್ರೂ ಇದ್ದರೆ 1 ಎಂದು ಮುದ್ರಿಸುವುದರಿಂದ ಅದಕ್ಕೂ ಸಂಖ್ಯೆ 1ಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಡೀಬಗ್ ಮಾಡುವಾಗ ನಮಗೆ ಬೇಕಾಗಿರುವುದು ಹೆಚ್ಚಾಗಿ ಈ ವ್ಯತ್ಯಾಸವೇ ಆಗಿರುವುದರಿಂದ, ನೋಟಕ್ಕೆ ಸ್ವಲ್ಪ ಗಜಿಬಿಜಿಯೆನಿಸಿದರೂ ವಾರ್_ಡಂಪ್ ಬಳಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಪ್ರತಿ ಬೆಲೆಯ ಟೈಪನ್ನೂ ಸ್ಟ್ರಿಂಗ್‌ನ ಉದ್ದವನ್ನೂ ಹೇಳುತ್ತದೆ. ಉದ್ದವು ಬೈಟ್‌ಗಳಲ್ಲಿರುತ್ತದೆ: ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ‘ಕನ್ನಡ’ ಎಂಬುದಕ್ಕೆ 15 ಎಂದು ಬರುತ್ತದೆ, ಏಕೆಂದರೆ ವಿರಾಮ ಚಿಹ್ನೆಯೂ (ಅರ್ಧಾಕ್ಷರದ ‘್’) ಸೇರಿ ಅದರಲ್ಲಿ 5 ಸಂಕೇತಗಳಿದ್ದು, ಒಂದೊಂದಕ್ಕೂ 3 ಬೈಟ್ ಬೇಕು. ಅಲ್ಲಿ 16 ಕಂಡರೆ ಕೊನೆಯಲ್ಲೊಂದು ಖಾಲಿ ಜಾಗ ಸೇರಿಕೊಂಡಿದೆಯೇ ಎಂದು ನೋಡಿ. ಸಮಾನವಾಗಿ ಕಾಣುವ ಎರಡು ಸ್ಟ್ರಿಂಗ್‌ಗಳು ಹೋಲಿಕೆಯಲ್ಲಿ ಸೋಲಲು ಅದೇ ಕಾರಣವಿರಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ವಾರ್_ಡಂಪ್‌ನಲ್ಲಿ ‘ಸಕ್ರಿಯ’ದ ಮುಂದೆ ನಲ್ ಎಂದು ಬಂತು. ಆದರೆ ಜಾವಾಸ್ಕ್ರಿಪ್ಟ್‌ಗೆ ಜೆಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಕಳುಹಿಸುವ ಇನ್ನೊಂದು ಪಿಎಚ್‌ಪಿ ಫೈಲ್‌ನಲ್ಲಿ ಅರೇಯನ್ನು ಹೀಗೆ ಮುದ್ರಿಸಿದರೆ ಜಾವಾಸ್ಕ್ರಿಪ್ಟ್ ಆ ಉತ್ತರವನ್ನು ಓದಲಾರದೆ ನಿಂತುಬಿಡುತ್ತದೆ. ಅಲ್ಲಿ ಏನು ಮಾಡಬೇಕು?

ಉತ್ತರ 3:
ಅಂತಹ ಕಡೆ ಏನನ್ನೂ ಮುದ್ರಿಸಬೇಡಿ, ಲಾಗ್‌ಗೆ (ಸರ್ವರ್‌ನ ದಾಖಲೆಗೆ) ಬರೆಯಿರಿ. ಪ್ರಿಂಟ್_ಆರ್‌ನಿಂದ ಪಡೆದ ಸ್ಟ್ರಿಂಗನ್ನು ಎರರ್_ಲಾಗ್‌ಗೆ ಕೊಟ್ಟರೆ ಬ್ರೌಸರ್‌ಗೆ ಹೋಗುವ ಉತ್ತರ ಕೆಡುವುದಿಲ್ಲ. ಟೈಪ್ ಕೂಡ ತಿಳಿಯಬೇಕಿದ್ದರೆ ವಾರ್_ಎಕ್ಸ್‌ಪೋರ್ಟ್ ಬಳಸಿ. ಅದಕ್ಕೂ ಎರಡನೆಯ ಆರ್ಗ್ಯುಮೆಂಟ್ ಆಗಿ ‘ಟ್ರೂ’ ಕೊಡಬಹುದು, ಅದು ನಲ್ ಮತ್ತು ಫಾಲ್ಸ್‌ಗಳನ್ನು ಹೆಸರು ಸಹಿತ ಬರೆಯುತ್ತದೆ. ಜಾವಾಸ್ಕ್ರಿಪ್ಟ್‌ನ ಕಡೆಯಲ್ಲಿ, ಒಂದೇ ಬಗೆಯ ಸಾಲುಗಳಿರುವ ಅರೇಗೆ ಬ್ರೌಸರ್‌ನ ಕನ್ಸೋಲ್‌ನಲ್ಲಿ (ಡೆವಲಪರ್‌ಗಳಿಗಿರುವ ಕಿಟಕಿ) ಕೋಷ್ಟಕವಾಗಿ ತೋರಿಸುವ ಟೇಬಲ್ ಫಂಕ್ಷನ್ ಬಹಳ ಅನುಕೂಲ. ಕನ್ಸೋಲ್ ಲಾಗ್ ಬಳಸುವಾಗ ಮಾತ್ರ ಎಚ್ಚರ ಬೇಕು: ಅಲ್ಲಿ ಅರೇಯನ್ನು ಬಿಡಿಸಿ ನೋಡಿದಾಗ ಕಾಣುವುದು ಬಿಡಿಸಿದ ಗಳಿಗೆಯ ಸ್ಥಿತಿ, ಲಾಗ್ ಮಾಡಿದ ಗಳಿಗೆಯದಲ್ಲ. ಆ ಗಳಿಗೆಯ ಸ್ಥಿತಿಯೇ ಬೇಕಿದ್ದರೆ ಜೆಸನ್ ಸ್ಟ್ರಿಂಗಿಫೈಗೆ ಮೂರನೆಯ ಆರ್ಗ್ಯುಮೆಂಟ್ ಆಗಿ 2 ಕೊಟ್ಟು ಸ್ಟ್ರಿಂಗ್ ಮಾಡಿ ಲಾಗ್ ಮಾಡಿ. ಆದರೆ ಅದು ಅರೇಯೊಳಗಿನ ಅನ್‌ಡಿಫೈನ್ಡ್ (ಇನ್ನೂ ಬೆಲೆ ಕೊಡದ) ಬೆಲೆಯನ್ನು ನಲ್ ಎಂದೇ ಬರೆಯುತ್ತದೆ, ಆಬ್ಜೆಕ್ಟ್‌ನ (ಕೀಗಳಿರುವ ಪಟ್ಟಿಯ) ಕೀಯೊಂದರ ಬೆಲೆ ಅನ್‌ಡಿಫೈನ್ಡ್ ಆಗಿದ್ದರೆ ಆ ಕೀಯನ್ನೇ ಬಿಟ್ಟುಬಿಡುತ್ತದೆ. ನಿಮ್ಮ ‘ಸಕ್ರಿಯ’ದಂತಹ ಕೀಯನ್ನು ಹುಡುಕುವಾಗ ಇದು ನೆನಪಿರಲಿ.